ಕಾಜಕ್ಕ ಮತ್ತು ಅವಳ ಓರಗಿತ್ತಿ

ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಾಜಕ್ಕ ಎಂದೇ ಕರೆಯುತ್ತಿದ್ದರು. ಅಂಗಿಗೆ ಗುಂಡಿ ತೂರುವ ಕಾಜ ಹಾಕುವುದು, ಗುಂಡಿ ಹಚ್ಚುವುದು, ಪ್ಯಾಂಟಿನ ಕಾಲಿನ ಅಂಚು ಮಡಿಚಿ ಹೆಮ್ಮಿಂಗ್ ಮಾಡುವುದು ಅವಳ ಪಾಲಿನ ಕೆಲಸ. ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆಂದು ಬಂದು ಬಾಗಿಲ ಪಕ್ಕದ ಚಾಪೆಯ ಮೇಲೆ ಕುಳಿತವಳು, ಮಗಳು ಬೆಳೆದು ಮದುವೆಯಾಗಿ ದೂರದ ಊರಿಗೆ ಹೋದ ಮೇಲೂ ಅಲ್ಲೇ ಕುಳಿತಿದ್ದಳು. ಬೆಳಕು ಚೆನ್ನಾಗಿ ಬೀಳುವ ಜಾಗ ಅದು. ಅಂಗಡಿಯ ಯಜಮಾನನೂ ಬಟ್ಟೆ ಕತ್ತರಿಸುವವನೂ ಒಬ್ಬನೇ; ಅವನನ್ನು ಮಾಸ್ಟರು ಎನ್ನುತ್ತಿದ್ದರು. ಮಿಷನ್ನುಗಳ ಮೇಲೆ ಇಬ್ಬರು ಟೈಲರುಗಳು. ಇವರೆಲ್ಲರ ನಡುವೆ ತಾನೊಬ್ಬಳೇ ಹೆಂಗಸು ಎಂಬುದು ಅವಳಿಗೆ ಎಂದೂ ಭಾರ ಅನ್ನಿಸಿರಲಿಲ್ಲ. ಟೈಲರುಗಳ ಪೋಲಿ ಮಾತು ಶುರುವಾದರೆ, "ಸೂಜಿ ನನ್ನ ಕೈಲಿದೆ, ಜೋಕೆ" ಅನ್ನುತ್ತಿದ್ದಳು. ಅವರು ನಕ್ಕು ಮಾತು ಬದಲಿಸುತ್ತಿದ್ದರು.

ಮಾತಿಲ್ಲದ್ದು ಮನೆಯಲ್ಲಿ. ಮಾವ ಕಟ್ಟಿಸಿದ ಸಣ್ಣ ಮನೆಗೆ ನಡುವೆ ಹಲಗೆಯ ಗೋಡೆ ನಿಲ್ಲಿಸಿ ಎರಡು ಮಾಡಿದ್ದರು. ಈಚೆ ಕಡೆ ಕಾಜಕ್ಕ, ಆಚೆ ಕಡೆ ಮೈದುನ ಮತ್ತು ಅವನ ಹೆಂಡತಿ. ಮೈದುನ ಲಾರಿ ಓಡಿಸುತ್ತಿದ್ದ, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಹಾಗಾಗಿ ಆ ಮನೆಯಲ್ಲಿ ನಿಜಕ್ಕೂ ಇದ್ದವರು ಇಬ್ಬರು ಓರಗಿತ್ತಿಯರು. ಬಚ್ಚಲು ಒಂದೇ, ನಲ್ಲಿ ಒಂದೇ, ಬಟ್ಟೆ ಒಣಹಾಕುವ ಮಾಳಿಗೆ ಒಂದೇ. ಒಬ್ಬರಿಗೊಬ್ಬರು ಮಾತು ಬಿಟ್ಟು ಏಳೆಂಟು ವರ್ಷವಾಗಿತ್ತು.

ಮೊದಲು ಹಾಗಿರಲಿಲ್ಲ. ಚಿಕ್ಕವಳು ಮದುವೆಯಾಗಿ ಬಂದ ಹೊಸದರಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಅವಳಿಗೆ ಮಕ್ಕಳಾಗಲಿಲ್ಲ, ಕಾಜಕ್ಕನ ಮಗಳನ್ನೇ ಎತ್ತಿ ಆಡಿಸಿ, ತಲೆ ಬಾಚಿ, ಶಾಲೆಗೆ ಕಳಿಸಿದಳು. ಎಲ್ಲ ಕೆಟ್ಟದ್ದು ಅತ್ತೆ ಸತ್ತ ದಿನ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ಎತ್ತಿ ಇಳಿಸಿದವಳು ಕಾಜಕ್ಕ. ಆದರೆ ಮುದುಕಿಯ ಉಸಿರು ನಿಂತದ್ದು ಅವಳು ಅಂಗಡಿಯಲ್ಲಿದ್ದಾಗ. ಬಂದ ಜನರೆದುರಿಗೆ ಚಿಕ್ಕವಳು ಅಳುತ್ತಾ, "ದೊಡ್ಡ ಸೊಸೆಗೆ ಊರವರ ಗುಂಡಿ ಹಚ್ಚೋಕೆ ಪುರುಸೊತ್ತಿತ್ತು, ಅತ್ತೆ ಬಾಯಿಗೆ ನೀರು ಬಿಡೋಕೆ ಇರಲಿಲ್ಲ" ಎಂದುಬಿಟ್ಟಳು. ದುಃಖದಲ್ಲಿ ಆಡಿದ ಮಾತು. ಆದರೆ ಕಾಜಕ್ಕನಿಗೆ ಅದು ಎದೆಗೆ ನಾಟಿತು. ಅವಳು ತಿರುಗಿ ಒಂದು ಮಾತೂ ಆಡಲಿಲ್ಲ; ಆಮೇಲೆ ಆಡಲೇ ಇಲ್ಲ.

ಆದರೂ ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವರು ಪೂರಾ ಮೂಗರಾಗಿ ಬದುಕಲು ಆಗುವುದಿಲ್ಲ. ಇಬ್ಬರೂ ಗೋಡೆಗೆ ಮಾತಾಡುವುದನ್ನು ರೂಢಿಸಿಕೊಂಡರು.

"ನಲ್ಲಿ ತಿರುಗಿಸದೆ ಹೋಗೋರಿಗೆ ನೀರೇನು ಅವರಪ್ಪನ ಮನೆಯಿಂದ ಬರುತ್ತಾ?" ಎಂದು ಚಿಕ್ಕವಳು ಗೋಡೆಗೆ ಹೇಳುತ್ತಿದ್ದಳು.

"ಬಕೆಟ್ಟು ದಾರಿಗೆ ಅಡ್ಡ ಇಟ್ಟೋರು ಯಾರು ಅಂತ ಕೇಳೇ ಬೆಕ್ಕೇ," ಎಂದು ಕಾಜಕ್ಕ ಬೆಕ್ಕಿಗೆ ಹೇಳುತ್ತಿದ್ದಳು.

ಬೆಕ್ಕು ಇಬ್ಬರ ಮನೆಯಲ್ಲೂ ಹಾಲು ಕುಡಿದುಕೊಂಡು ಯಾರ ಪರವನ್ನೂ ವಹಿಸದೆ ದಪ್ಪಗಾಗಿತ್ತು.

ಕಾಜಕ್ಕನಿಗೆ ಮುಟ್ಟು ನಿಂತು ಮೂರ್ನಾಲ್ಕು ವರ್ಷ ಕಳೆದಿತ್ತು. ಒಂದು ಬೆಳಗ್ಗೆ ಬಚ್ಚಲಿನಲ್ಲಿ ನೋಡಿಕೊಂಡರೆ ಒಳಬಟ್ಟೆಯ ಮೇಲೆ ಕೆಂಪು. ಮೊದಲು ಅವಳಿಗೆ ಬಂದದ್ದು ನಗು. ಈ ವಯಸ್ಸಿನಲ್ಲಿ ಮತ್ತೆ ಹುಡುಗಿಯಾದೆನೇ, ಮಗಳು ಹೆತ್ತಿದ್ದಾಯಿತು, ಇನ್ನು ನನ್ನ ಸರದಿಯೇ ಅನ್ನಿಸಿತು. ಇದನ್ನು ಯಾರಿಗಾದರೂ ಹೇಳಿ ನಗಬೇಕಿತ್ತು. ಹಿಂದೆಲ್ಲ ಇಂಥ ಮಾತಿಗೆ ಅವಳು ಚಿಕ್ಕವಳನ್ನು ಬಚ್ಚಲಿಗೇ ಕರೆಯುತ್ತಿದ್ದಳು, ಇಬ್ಬರೂ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು. ಈಗ ಹಲಗೆಯಾಚೆ ಪಾತ್ರೆ ಸದ್ದು ಕೇಳುತ್ತಿತ್ತು, ಅಷ್ಟೆ. ಕಾಜಕ್ಕ ಬಟ್ಟೆ ಹಿಂಡಿ, ಹಳೆಯ ಚಿಂದಿ ಹುಡುಕಿ ಮಡಿಚಿಟ್ಟುಕೊಂಡು, ಕೆಲಸಕ್ಕೆ ಹೋದಳು.

ಎರಡು ದಿನದಲ್ಲಿ ನಿಂತಿತು. ಸದ್ಯ ಎಂದುಕೊಂಡಳು. ಆಮೇಲೆ ಮತ್ತೆ ಬಂತು. ಹೀಗೆ ಬರುತ್ತಾ ನಿಲ್ಲುತ್ತಾ, ಕೊನೆಗೆ ನಿಲ್ಲುವುದನ್ನು ಮರೆತು, ದಿನವೂ ಒಂದಿಷ್ಟು ಹೋಗತೊಡಗಿತು. ಸೊಂಟ ಹಿಡಿದುಕೊಂಡಂತೆ ನೋವು. ಮೆಟ್ಟಿಲು ಹತ್ತಿದರೆ ಏದುಸಿರು.

ಸಂಜೆ ಕೆಲಸ ಮುಗಿಸಿ ಬೀದಿ ತುದಿಯ ಡಾಕ್ಟರ ಹತ್ತಿರ ಹೋದಳು. ಅದೊಂದೇ ಕೋಣೆ, ಡಾಕ್ಟರ ಮೇಜಿನ ಪಕ್ಕದ ಬೆಂಚಿನಲ್ಲೇ ಮುಂದಿನ ರೋಗಿಗಳೆಲ್ಲ ಸಾಲಾಗಿ ಕೂತು, ಒಬ್ಬೊಬ್ಬರ ಕಾಯಿಲೆಯನ್ನೂ ರೇಡಿಯೋ ಕೇಳಿದಂತೆ ಕೇಳುತ್ತಿದ್ದರು. ಅವಳ ಪಕ್ಕದಲ್ಲಿದ್ದವನು ಅವಳದೇ ಬೀದಿಯ ಹಾಲಿನವನು.

"ಏನಮ್ಮ ತೊಂದರೆ?" ಡಾಕ್ಟರು ತಲೆ ಎತ್ತದೆ ಕೇಳಿದರು.

"ಕೆಳಗೆ... ಹೋಗ್ತಿದೆ ಡಾಕ್ಟ್ರೇ," ಎಂದು ಮೆಲ್ಲಗೆ ಹೇಳಿದಳು.

"ದಿನಕ್ಕೆ ಎಷ್ಟು ಸಲ ಹೋಗ್ತಿದೆ?"

ಚಿಂದಿ ಬದಲಿಸಿದ್ದನ್ನು ಅವಳು ಮನಸ್ಸಿನಲ್ಲೇ ಎಣಿಸಿದಳು. "ನಾಲ್ಕೈದು ಸಲ ಆಗಬಹುದು."

"ನೀರು ನೀರಾಗಿನಾ?"

"ಹೂಂ... ಹಾಗೂ ಆಗುತ್ತೆ."

ಡಾಕ್ಟರು ಭೇದಿ ನಿಲ್ಲುವ ಮಾತ್ರೆ ಬರೆದುಕೊಟ್ಟರು. ಕರಿದದ್ದು ತಿನ್ನಬೇಡಿ, ನೀರು ಕಾಯಿಸಿ ಕುಡಿಯಿರಿ ಎಂದರು. ಅದಲ್ಲ, ಬೇರೆಯದು ಎಂದು ಹೇಳಲು ಅವಳು ಬಾಯಿ ತೆರೆದಳು. ಹಾಲಿನವನು ಆಗಲೇ ಎದ್ದು ಮೇಜಿನ ಹತ್ತಿರ ನಿಂತಿದ್ದ. ಅವಳು ಚೀಟಿ ಮಡಿಚಿಕೊಂಡು ಹೊರಬಂದಳು. ಮಾತ್ರೆಗಳನ್ನು ತಂದು ನುಂಗಿದಳು ಕೂಡ, ಡಾಕ್ಟರು ಕೊಟ್ಟದ್ದು ಯಾವುದಕ್ಕಾದರೂ ಆದೀತು ಎಂದು.

ಇನ್ನೊಂದು ಸಲ ರಜೆ ಕೇಳಿಕೊಂಡು ಸರ್ಕಾರಿ ದವಾಖಾನೆಗೆ ಹೋದಳು. ಲೇಡಿ ಡಾಕ್ಟರು ವಾರಕ್ಕೊಂದು ದಿನ ಬರುತ್ತಾರಂತೆ. ಆ ವಾರ ಬಂದಿರಲಿಲ್ಲ. ಕಿಟಕಿಯಲ್ಲಿ ಕೂತ ನರ್ಸು ಅವಳ ಕೆನ್ನೆ, ಕಣ್ಣು ನೋಡಿ, "ರಕ್ತ ಕಮ್ಮಿ ಇದೆ. ಈ ವಯಸ್ಸಲ್ಲಿ ಹೀಗೇ ಅಮ್ಮ, ಮುಟ್ಟು ನಿಲ್ಲೋ ಮುಂಚೆ ಒಂದಿಷ್ಟು ಆಟ ಆಡಿಸುತ್ತೆ," ಎಂದು ಕೆಂಪು ಮಾತ್ರೆಗಳನ್ನು ಕೊಟ್ಟಳು. ನಿಂತು ವರ್ಷಗಳೇ ಆದವು ಎಂದು ಕಾಜಕ್ಕ ಹೇಳಿದಳೋ, ಹೇಳಿದಂತೆ ತನಗೇ ಅನ್ನಿಸಿತೋ. ನರ್ಸು ಮುಂದಿನವಳನ್ನು ಕರೆದಿದ್ದಳು. ಬಟ್ಟೆ ಸರಿಸಿ ನೋಡುವುದಿರಲಿ, ಮಲಗು ಎಂದವರೂ ಯಾರೂ ಇರಲಿಲ್ಲ. ಲೇಡಿ ಡಾಕ್ಟರು ಬರುವ ದಿನ ಮತ್ತೆ ಬರೋಣವೆಂದುಕೊಂಡಳು. ಅಷ್ಟರಲ್ಲಿ ಶಾಲೆ ತೆರೆಯುವ ಕಾಲ ಬಂತು, ಅಂಗಡಿಯಲ್ಲಿ ಸಮವಸ್ತ್ರದ ರಾಶಿ ಬಿತ್ತು, ಮಾಸ್ಟರು ಯಾರಿಗೂ ರಜೆ ಕೊಡಲಿಲ್ಲ. ಅವಳೂ ಕೇಳಲಿಲ್ಲ. ಕೇಳದಿರಲು ಒಂದು ನೆಪ ಸಿಕ್ಕಿತೆಂದು ಒಳಗೊಳಗೇ ಹಗುರವಾಯಿತು.

ಮಗಳು ಭಾನುವಾರ ಫೋನು ಮಾಡುತ್ತಿದ್ದಳು. ಅವಳಿಗೆ ಕೈಗೂಸು, ಮಾತಿನ ನಡುವೆ ಅದು ಅಳುತ್ತಿತ್ತು.

"ಊಟ ಆಯ್ತಾಮ್ಮ? ಹುಷಾರಾಗಿದ್ದೀಯಾ?"

"ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ. ಪಾಪು ಯಾಕೆ ಅಳ್ತಿದೆ, ಹೊಟ್ಟೆ ಉಬ್ಬರಿಸಿದೆಯೇನೋ ನೋಡು."

ಮಾತು ಮುಗಿದ ಮೇಲೆ ಅವಳು ಬಹಳ ಹೊತ್ತು ಫೋನನ್ನು ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದಳು. ಹೇಳುವುದಾದರೂ ಏನೆಂದು? ಆ ಜಾಗಕ್ಕೆ ಅವಳ ಬಾಯಲ್ಲಿ ಒಂದು ಮರ್ಯಾದಸ್ಥ ಶಬ್ದವೂ ಇರಲಿಲ್ಲ. ಬೈಗುಳದಲ್ಲಿ ಬರುವ ಶಬ್ದಗಳಿದ್ದವು. ಅವನ್ನು ಮಗಳ ಮುಂದೆ ಆಡುವುದು ಹೇಗೆ?

ಆಮೇಲೆ ವಾಸನೆ ಶುರುವಾಯಿತು.

ಮೊದಮೊದಲು ತನಗೊಬ್ಬಳಿಗೇ ಬರುತ್ತಿದೆಯೆಂದು ಅವಳು ನಂಬಿದ್ದಳು. ದಿನಕ್ಕೆರಡು ಸಲ ಸ್ನಾನ, ಚಿಂದಿಯ ಮೇಲೆ ಚಿಂದಿ, ಮೈಗೆ ಪೌಡರು. ಒಂದು ಮಧ್ಯಾಹ್ನ ಟೈಲರುಗಳಲ್ಲಿ ಒಬ್ಬ ಮಿಷನ್ ನಿಲ್ಲಿಸಿ ಮೂಗು ಅರಳಿಸಿದ.

"ಎಲ್ಲೋ ಇಲಿ ಸತ್ತಿದೆ ಮಾಸ್ಟ್ರೇ."

"ನಿನ್ನೆಯಿಂದ ನನಗೂ ಬರ್ತಿದೆ," ಎಂದರು ಮಾಸ್ಟರು. "ಬಟ್ಟೆ ಗಂಟಿನ ಕೆಳಗೆ ನೋಡ್ರೋ. ಗಿರಾಕಿಗಳು ಬಂದ್ರೆ ಏನಂದ್ಕೊಳ್ಳಲ್ಲ!"

ಎಲ್ಲರೂ ಎದ್ದರು. ಕಪಾಟು ಸರಿಸಿದರು, ಗಂಟುಗಳನ್ನು ಬಿಚ್ಚಿ ಕೊಡವಿದರು, ಮಿಷನ್ನುಗಳ ಕೆಳಗೆ ಟಾರ್ಚ್ ಬಿಟ್ಟರು. ಕಾಜಕ್ಕನೂ ಎದ್ದಳು. ಕೂತೇ ಇದ್ದರೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆಯಿಂದ ಎಲ್ಲರಿಗಿಂತ ಜೋರಾಗಿ ಹುಡುಕಿದಳು. ಮೊಣಕಾಲೂರಿ ಕಪಾಟಿನ ಹಿಂದೆ ಪೊರಕೆ ಆಡಿಸಿದಳು, "ಹಾಳಾದ್ದು ಎಲ್ಲಿ ಸತ್ತಿದೆಯೋ" ಎಂದು ಬೈದಳು ಕೂಡ. ಅವಳು ಹೋದ ಮೂಲೆಯಲ್ಲೆಲ್ಲ ಟೈಲರು, "ಇಲ್ಲೇ, ಇಲ್ಲೇ ಜಾಸ್ತಿ" ಎನ್ನುತ್ತಿದ್ದ. ಹಾಗೆಂದವನು ಒಂದು ಕ್ಷಣ ಅವಳ ಮುಖ ನೋಡಿದ. ತಕ್ಷಣ ಟಾರ್ಚನ್ನು ಬೇರೆ ಕಡೆ ತಿರುಗಿಸಿಕೊಂಡ. ಒಳ್ಳೆಯವನು ಅವನು; ಇನ್ನು ಬಿಡಿ, ಒಣಗಿದ ಮೇಲೆ ತಾನೇ ಹೋಗುತ್ತೆ ಎಂದು ಹೇಳಿ ಎಲ್ಲರನ್ನೂ ಕೂರಿಸಿದ. ಮಾಸ್ಟರು ಬಕೆಟ್ಟು ತುಂಬ ಫಿನಾಯಿಲ್ ನೀರು ಹೊಯ್ಯಿಸಿದರು.

ಸಂಜೆ ಹೊರಡುವಾಗ ಅವಳು ಮಾಸ್ಟರಿಗೆ, "ಮೊಣಕಾಲು ನೋವು, ಇನ್ಮೇಲೆ ಮನೇಲೇ ಕೂತು ಮಾಡಿಕೊಡ್ತೀನಿ" ಅಂದಳು. ಮಾಸ್ಟರು ಕೂಡಲೇ ಆಗಲಿ ಎಂದರು. ಅಷ್ಟು ಸುಲಭವಾಗಿ ಒಪ್ಪಿದ್ದೇ ಅವಳನ್ನು ಹೆಚ್ಚು ನೋಯಿಸಿತು.

ಅಂದಿನಿಂದ ಅವಳ ಲೋಕ ಹಲಗೆ ಗೋಡೆಯ ಈಚೆಗೆ ಕುಗ್ಗಿತು. ಅಂಗಡಿಯ ಗಲಾಟೆ, ರಸ್ತೆಯ ಜನ, ಟೀ ಹೊತ್ತಿನ ಹರಟೆ ಒಂದೂ ಇಲ್ಲ. ಅದೇ ಟೈಲರು ವಾರಕ್ಕೆರಡು ಸಲ ಅಂಗಿಗಳ ಗಂಟು ತಂದು ಹೊಸ್ತಿಲ ಹೊರಗೇ ಇಟ್ಟು, "ಕಾಜಕ್ಕಾ, ಇಟ್ಟಿದ್ದೀನಿ" ಎಂದು ಕೂಗಿ ಹೋಗುತ್ತಿದ್ದ. ಅವಳು ಕಿಟಕಿ ತೆರೆದು, ಬಾಗಿಲು ಮುಚ್ಚಿ, ಹೊಲಿಯುತ್ತಿದ್ದಳು. ಹೊಲಿದು ಮುಗಿಸಿದ ಅಂಗಿಗಳನ್ನು ಒಮ್ಮೊಮ್ಮೆ ಮೂಸಿ ನೋಡುತ್ತಿದ್ದಳು. ಬೆಕ್ಕು ಕೂಡ ಈಚೆಗೆ ಬರುವುದನ್ನು ಕಡಿಮೆ ಮಾಡಿತು. ಇಲ್ಲವೇ ಅವಳಿಗೆ ಹಾಗೆ ಕಂಡಿತು. ಎಡಗಾಲು ಊದಿಕೊಂಡು ಚಪ್ಪಲಿ ಹಿಡಿಯದಾಯಿತು. ಗೋಡೆಗೆ ಹೇಳುವ ಮಾತುಗಳೂ ನಿಂತವು. ನಲ್ಲಿ ತಿರುಗಿಸದೆ ಹೋದರೂ ಆಚೆಯಿಂದ ಯಾರೂ ಗೊಣಗುತ್ತಿರಲಿಲ್ಲ. ಆ ಮೌನ ಯಾಕೆಂದು ಅವಳು ಯೋಚಿಸಲಿಲ್ಲ.

ಒಂದು ಬೆಳಗ್ಗೆ ನೀರು ಹಿಡಿಯಲೆಂದು ಬಗ್ಗಿದಳು. ಬಿಸಿಯಾಗಿ ಏನೋ ಕಾಲಗುಂಟ ಇಳಿಯಿತು, ಒಂದೇ ಸಮನೆ, ತಡೆಯಿಲ್ಲದೆ. ನೆಲ ಕೆಂಪಾದದ್ದು ಕಂಡಿತು, ಬಕೆಟ್ಟು ಉರುಳಿದ ಸದ್ದು ಕೇಳಿತು. ಆಮೇಲೆ ಎಚ್ಚರವಾದಾಗ ತಲೆ ಯಾರದೋ ತೊಡೆಯ ಮೇಲಿತ್ತು.

"ಅಕ್ಕಾ! ಅಕ್ಕಾ, ಕಣ್ಣು ಬಿಡು. ನನ್ನ ನೋಡು."

ಚಿಕ್ಕವಳು. ಇಷ್ಟು ಹತ್ತಿರದಿಂದ ಆ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ಕೆನ್ನೆಯ ಮೇಲೆ ಕಪ್ಪು ಮಚ್ಚೆಗಳು ಬಂದಿದ್ದವು, ಕಣ್ಣ ಸುತ್ತ ಸುಕ್ಕು ಬಿದ್ದಿತ್ತು. ಕಾಜಕ್ಕ ಏಳಲು ನೋಡಿದಳು. "ನಾನೇ ತೊಳೀತೀನಿ, ನೀನು ಮುಟ್ಟಬೇಡ. ವಾಸನೆ."

"ಬಾಯಿ ಮುಚ್ಕೊಂಡು ಬಿದ್ದಿರು," ಎಂದಳು ಚಿಕ್ಕವಳು. "ವಾಸನೆಯಂತೆ, ವಾಸನೆ. ನನಗೆ ಮೂಗಿಲ್ವಾ? ಇಷ್ಟು ದಿನ ಬಂದಿಲ್ವಾ?"

ಅವಳೇ ಮೈ ತೊಳೆದು, ಬಟ್ಟೆ ಬದಲಿಸಿ, ಆಟೋ ತರಿಸಿ, ಊರಾಚೆಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಂಗಸು. ಪರದೆ ಎಳೆದು, ದೀಪ ಹತ್ತಿರ ತಂದು, ಕಾಜಕ್ಕನ ಮೊಣಕಾಲ ಮೇಲೆ ಒಂದು ಕೈಯಿಟ್ಟು ಮೆಲ್ಲಗೆ ಪರೀಕ್ಷೆ ಮಾಡಿದಳು. ನೋವಾಯಿತು. ಆದರೆ ಕಾಜಕ್ಕ ಅತ್ತದ್ದು ನೋವಿಗಲ್ಲ. ಕೊನೆಗೂ ಯಾರೋ ನೋಡಿದರಲ್ಲ ಎಂದು.

"ಯಾವಾಗಿಂದ ಹೀಗಾಗ್ತಿದೆ?"

"ಒಂದು ವರ್ಷ ಆಗ್ತಾ ಬಂತು."

"ಯಾರಿಗೂ ತೋರಿಸಲಿಲ್ವಾ?"

"ತೋರಿಸೋಕೆ ಹೋಗಿದ್ದೆ. ಯಾರೂ ನೋಡಲಿಲ್ಲ."

ಡಾಕ್ಟರು ಒಳಗಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಸ್ಕ್ಯಾನು, ರಕ್ತ, ಸಾಲು, ಮತ್ತೆ ಸಾಲು. ಫಲಿತಾಂಶ ಬಂದ ದಿನ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದಳು: "ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಆಗಿದೆ. ಸೊಂಟದೊಳಗಿನ ಪಕ್ಕದ ಗೋಡೆವರೆಗೂ ಹರಡಿದೆ. ಆಪರೇಷನ್ ಮಾಡೋ ಹಂತ ದಾಟಿಬಿಟ್ಟಿದೆ. ಕರೆಂಟ್ ಕೊಡ್ತೀವಿ, ಅಂದ್ರೆ ರೇಡಿಯೇಷನ್, ಜೊತೆಗೆ ಔಷಧಿ. ರಕ್ತ ನಿಲ್ಲುತ್ತೆ, ವಾಸನೆ ಹೋಗುತ್ತೆ. ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ."

"ಇದು ಯಾಕೆ ಬಂತು ಡಾಕ್ಟ್ರೇ? ಅವಳು ಏನು ತಪ್ಪು ಮಾಡಿದ್ಲು?" ಚಿಕ್ಕವಳು ಜಗಳಕ್ಕೆ ನಿಂತವಳ ಹಾಗೆ ಕೇಳಿದಳು.

"ತಪ್ಪಿನ ಮಾತೇ ಇಲ್ಲ. ಒಂದು ವೈರಸ್ಸಿಂದ ಬರುತ್ತೆ, ಸಂಸಾರ ಮಾಡಿದ ಯಾವ ಹೆಂಗಸಿಗೂ ಬರಬಹುದು. ಒಳಗೆ ಬೆಳೆಯೋಕೆ ತುಂಬಾ ವರ್ಷ ತಗೊಳ್ಳುತ್ತೆ. ಅಷ್ಟರಲ್ಲಿ ಯಾವಾಗಾದ್ರೂ ಒಂದು ಸಲ ನೋಡಿದ್ದಿದ್ರೆ..." ಡಾಕ್ಟರು ಅಲ್ಲಿಗೇ ನಿಲ್ಲಿಸಿ, ಎದ್ದು ಕೈ ತೊಳೆಯಲು ಹೋದಳು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಸುತ್ತ ಜನ ಓಡಾಡುತ್ತಿದ್ದರು. ಚಿಕ್ಕವಳು ನೆಲ ನೋಡುತ್ತಲೇ ಹೇಳಿದಳು:

"ಮಾಳಿಗೆ ಮೇಲೆ ನಿನ್ನ ಬಟ್ಟೆ ನೋಡಿದ್ದೆ. ಟವೆಲ್ ಕೆಳಗೆ ಮುಚ್ಚಿ ಒಣಹಾಕ್ತಿದ್ಯಲ್ಲ. ಎಷ್ಟು ಉಜ್ಜಿದ್ರೂ ಕಲೆ ಹೋಗಿರಲಿಲ್ಲ. ಏನಕ್ಕಾ ಇದು ಅಂತ ಕೇಳೋಕೆ ಎಷ್ಟೋ ಸಲ ನಿನ್ನ ಬಾಗಿಲವರೆಗೂ ಬಂದೆ."

"ಕೇಳಬೇಕಿತ್ತು."

"ನೀನೇ ಮೊದಲು ಮಾತಾಡಲಿ ಅಂತಿದ್ದೆ."

"ನಾನೂ ಅದನ್ನೇ ಕಾಯ್ತಿದ್ದೆ," ಎಂದಳು ಕಾಜಕ್ಕ. ಬೈಯಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಸುಸ್ತಾಗಿತ್ತು. "ಏಳು, ಬಸ್ಸು ತಪ್ಪುತ್ತೆ."

ಮಗಳು ಕೂಸನ್ನು ಕಟ್ಟಿಕೊಂಡು ಓಡಿಬಂದಳು. "ಯಾಕಮ್ಮ ಹೇಳಲಿಲ್ಲ? ನಾನೇನು ಸತ್ತೋಗಿದ್ನಾ?" ಎಂದು ಕೂಗಾಡಿ ಅತ್ತಳು. ಕೆಲವು ದಿನವಿದ್ದು ಅಮ್ಮನ ಬಟ್ಟೆಗಳನ್ನೆಲ್ಲ ಒಗೆದು, ಕೂಸಿಗೆ ಜ್ವರ ಬಂತೆಂದು, ಅಲ್ಲಿ ಅಡುಗೆಗೆ ಯಾರೂ ಇಲ್ಲವೆಂದು ಹೊರಟು ನಿಂತಳು. "ಹೋಗು, ಚಿಕ್ಕಮ್ಮ ಇದ್ದಾಳಲ್ಲ" ಎಂದು ಕಾಜಕ್ಕನೇ ಕಳಿಸಿದಳು. ಮಗಳು ಚಿಕ್ಕಮ್ಮನನ್ನು ತಬ್ಬಿಕೊಂಡು ಬಿಡಲಾರದೆ ನಿಂತದ್ದನ್ನು ಹಾಸಿಗೆಯಿಂದಲೇ ನೋಡಿದಳು.

ಕರೆಂಟ್ ಕೊಡುವ ಯಂತ್ರಕ್ಕೆ ಜನರ ಸರತಿ ದೊಡ್ಡದಿತ್ತು. ಕಾಯ್ದು ಕಾಯ್ದು ಅವಳ ಸರದಿ ಬಂದ ದಿನ ಒಬ್ಬ ಹುಡುಗಿ ಅವಳ ಹೊಟ್ಟೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದಳು, ಮಾಸ್ಟರು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆಯುವ ಹಾಗೆ. ಈ ಗೆರೆ ಅಳಿಸಬಾರದು ಎಂದಳು. ಆಮೇಲೆ ಎಲ್ಲರೂ ಹೊರಗೆ ಹೋದರು. ದಪ್ಪ ಬಾಗಿಲು ಮುಚ್ಚಿತು. ಎಲ್ಲಿಂದಲೋ ಒಂದು ದನಿ, "ಅಲ್ಲಾಡಬೇಡಿ ಅಮ್ಮ" ಎಂದಿತು. ದೊಡ್ಡ ಯಂತ್ರ ಗುಂಯ್ ಎನ್ನುತ್ತಾ ಅವಳ ಸುತ್ತ ತಿರುಗಿತು. ನೋವಿಲ್ಲ, ಬಿಸಿಯಿಲ್ಲ, ಏನೂ ಇಲ್ಲ. ಆ ತಣ್ಣನೆಯ ಕೋಣೆಯಲ್ಲಿ ಉಳಿದದ್ದು ಅವಳು ಒಬ್ಬಳೇ. ಚಿಕ್ಕವಳು ಹೊರಗೆ ಬೆಂಚಿನ ಮೇಲೆ ಇದ್ದಾಳೆ, ಫೋನು ಮಾಡಿದರೆ ಮಗಳು ಎತ್ತುತ್ತಾಳೆ, ಅದೆಲ್ಲ ನಿಜ. ಆದರೂ ಈ ಬಾಗಿಲೊಳಗೆ ಯಾರೂ ಬರುವ ಹಾಗಿಲ್ಲ ಎಂಬುದು ಅವಳಿಗೆ ಅಲ್ಲಿ ಮಲಗಿದಾಗ ಮೊದಲ ಸಲ ಸ್ಪಷ್ಟವಾಯಿತು.

ವಾರಗಳು ಹೀಗೇ ಕಳೆದವು. ಭೇದಿ, ವಾಂತಿ, ಚರ್ಮ ಕಪ್ಪಾಗಿ ಉರಿ. ಈ ಸಲ ನಿಜವಾಗಿಯೂ ಭೇದಿಯೇ, ಬೀದಿ ತುದಿಯ ಆ ಡಾಕ್ಟರ ಮಾತ್ರೆ ಉಳಿಸಿಕೊಂಡಿದ್ದರೆ ಈಗ ಬೇಕಾಗುತ್ತಿತ್ತು ಎಂದು ಅವಳು ಹೇಳಿದಾಗ, ಕಥೆಯನ್ನು ಅಲ್ಲಿಯ ತನಕ ಕೇಳಿರದ ಚಿಕ್ಕವಳು ಪೂರಾ ಕೇಳಿ ಬಿದ್ದು ಬಿದ್ದು ನಕ್ಕಳು; ನಗುತ್ತಾ ನಗುತ್ತಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಡಾಕ್ಟರು ಹೇಳಿದಂತೆ ರಕ್ತ ನಿಂತಿತು. ವಾಸನೆ ಹೋಯಿತು. ಕಾಜಕ್ಕ ಒಂದು ದಿನ ಮೆಲ್ಲಗೆ ನಡೆದುಕೊಂಡು ಅಂಗಡಿಗೂ ಹೋಗಿ ಬಂದಳು. ಟೈಲರು ಕುರ್ಚಿ ತಂದು ಹಾಕಿದ. ಅವಳ ಜಾಗದಲ್ಲಿ ಒಂದು ಹೊಸ ಮಿಷನ್ ನಿಂತಿತ್ತು. ಕಾಜ ಹಾಕುವುದು, ಗುಂಡಿ ಹಚ್ಚುವುದು ಎರಡನ್ನೂ ಅದೇ ಮಾಡುತ್ತದಂತೆ. "ನೀನು ವಾಸಿಯಾಗಿ ಬಾ, ಹೆಮ್ಮಿಂಗ್ ಇದ್ದೇ ಇದೆ," ಎಂದರು ಮಾಸ್ಟರು. ಟೀ ಕುಡಿದು ಎದ್ದು ಬಂದಳು.

ಆಸ್ಪತ್ರೆಯ ಡಾಕ್ಟರು ಒಂದು ದಿನ ಚಿಕ್ಕವಳ ಕಡೆ ಬೆರಳು ತೋರಿಸಿ, "ನೀವು ಇದರ ಪರೀಕ್ಷೆ ಮಾಡಿಸ್ಕೊಂಡಿದ್ದೀರಾ?" ಎಂದು ಕೇಳಿದಳು. ಕೆಳಗಿನ ಮಹಡಿಯಲ್ಲೇ ಅದಕ್ಕೊಂದು ಕೋಣೆಯಿದೆ ಎಂದಳು. ಚಿಕ್ಕವಳು ಹೂಂ ಎಂದು ತಲೆಯಾಡಿಸಿ ಹೊರಬಂದು, "ನನಗೆ ಯಾಕೆ? ನಾನು ಚೆನ್ನಾಗೇ ಇದ್ದೀನಿ. ಮಕ್ಕಳನ್ನೇ ಹೆತ್ತಿಲ್ಲ" ಎಂದಳು.

"ಚೆನ್ನಾಗಿರೋರೇ ಮಾಡಿಸ್ಕೋಬೇಕಂತೆ ಕಣೆ. ನನ್ನ ಹಾಗೆ ಆದ್ಮೇಲೆ ಏನು ಪರೀಕ್ಷೆ?"

"ಮುಂದಿನ ಸಲ ನೋಡೋಣ."

"ನಾನೂ ಹಾಗೇ ಅಂದಿದ್ದೆ."

ಚಿಕ್ಕವಳು ಕೆಳಗಿನ ಮಹಡಿಗೆ ಇಳಿದಳು. ಆದರೆ ಕೋಣೆಯ ಬಾಗಿಲಲ್ಲಿ ಮತ್ತೆ ಹಿಂಜರಿದಳು. ಅವಳಿಗೆ ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಭಯ. ಒಳಗಿನಿಂದ ಒಬ್ಬ ನರ್ಸು ಬಂದು, "ಬನ್ನಿ ಅಕ್ಕ, ಯಾರೂ ಗಂಡಸರಿಲ್ಲ" ಎಂದು ಕೈ ಹಿಡಿದು ಕರೆದೊಯ್ದಳು.

ಕಾಜಕ್ಕ ಹೊರಗೆ ಕೂತಳು. ಇಷ್ಟು ತಿಂಗಳು ಚಿಕ್ಕವಳು ಕೂತ ಹಾಗೆ ಈಗ ತಾನು. ಒಳಗಿನಿಂದ ಮಾತು ಕೇಳುತ್ತಿತ್ತು, ಅಕ್ಷರ ಹಿಡಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸು ನಕ್ಕದ್ದು, ಆಮೇಲೆ ಚಿಕ್ಕವಳೂ ನಕ್ಕದ್ದು ಕೇಳಿಸಿತು. ಎದುರು ಗೋಡೆಗೆ ಒರಗಿ ನಿಂತ ಒಬ್ಬ ಬಸುರಿ ಹೆಂಗಸು ಚೀಲದಿಂದ ಹಣ್ಣು ತೆಗೆದು ತಿನ್ನುತ್ತಿದ್ದಳು. ಅವಳು ಅದನ್ನು ತಿಂದು ಮುಗಿಸುವಷ್ಟರಲ್ಲಿ ಬಾಗಿಲು ತೆರೆದು ಚಿಕ್ಕವಳು ಇಣುಕಿದಳು.

"ಅಕ್ಕಾ, ಒಂದು ಬಿಳಿ ಚುಕ್ಕೆ ಇದೆಯಂತೆ. ಹೆದರಬೇಡ, ಕ್ಯಾನ್ಸರ್ ಅಲ್ವಂತೆ. ಬಿಟ್ಟಿದ್ರೆ ಮುಂದೆ ಆಗಬಹುದಿತ್ತಂತೆ. ಈಗಲೇ ತಣ್ಣಗಿನದ್ದೇನೋ ಇಟ್ಟು ತೆಗೆದುಬಿಡ್ತಾರಂತೆ, ಹೂಂ ಅನ್ನಲಾ?"

"ಕೇಳ್ತಾ ಇದ್ದೀಯಲ್ಲ! ಹೋಗೇ ಒಳಗೆ," ಎಂದಳು ಕಾಜಕ್ಕ.

ಅದೂ ಬೇಗ ಮುಗಿಯಿತು. ಚಿಕ್ಕವಳು ಬಟ್ಟೆ ಸರಿಮಾಡಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು. ಹೊಟ್ಟೆ ಸ್ವಲ್ಪ ಹಿಂಡಿದ ಹಾಗಾಯಿತಂತೆ, ಅಷ್ಟೆ. ಮನೆಗೆ ಹೋಗಬಹುದಂತೆ. ಒಂದು ವರ್ಷ ಬಿಟ್ಟು ಮತ್ತೊಮ್ಮೆ ಬಂದು ತೋರಿಸಬೇಕಂತೆ.

"ಇಷ್ಟೇನಾ?" ಎಂದು ಕಾಜಕ್ಕ ಕೇಳಿದಳು.

"ಇಷ್ಟೇ ಕಣಕ್ಕಾ. ಮೇಜಿನ ಮೇಲೆ ಮಲಗಿಸಿದ್ರು. ದೀಪ ಹಾಕಿ ನೋಡಿದ್ರು. ಚುಕ್ಕೆ ಕಾಣೋಕಂತ ಹತ್ತಿಯಲ್ಲಿ ಎಂಥದೋ ಹುಳಿ ನೀರು ಹಚ್ಚಿದ್ರು..." ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. ತಾನು ಯಾರಿಗೆ ಹೇಳುತ್ತಿದ್ದೇನೆ ಎಂಬುದು ತಟ್ಟನೆ ಹೊಳೆದು ನಾಲಿಗೆ ಕಚ್ಚಿಕೊಂಡಳು.

"ಒಳ್ಳೇದಾಯ್ತು," ಎಂದಳು ಕಾಜಕ್ಕ. ಅದು ಬಾಯಿಮಾತಲ್ಲ. ಆ ಚುಕ್ಕೆ ಹೋದದ್ದು ಅವಳಿಗೆ ತನ್ನ ಮೈಯದೇ ಹೋದಷ್ಟು ಸಮಾಧಾನ ತಂದಿತ್ತು. "ಇಲ್ಲೇ ಇರು, ಮುಖ ತೊಳ್ಕೊಂಡು ಬರ್ತೀನಿ."

ಪಡಸಾಲೆಯ ತುದಿಯ ಬಚ್ಚಲಿಗೆ ಹೋಗಿ ಚಿಲಕ ಹಾಕಿದಳು. ನಲ್ಲಿಯನ್ನು ಪೂರ್ತಿ ತಿರುಗಿಸಿ ಅತ್ತಳು. ಹೊಟ್ಟೆಕಿಚ್ಚಲ್ಲ ಅದು. ಯಾರ ಮೇಲಿನ ಸಿಟ್ಟೂ ಅಲ್ಲ. ಸಿಟ್ಟು ಮಾಡಲು ಯಾರೊಬ್ಬರ ಮುಖವೂ ನೆನಪಿಗೆ ಬರಲಿಲ್ಲ. ಹಣ್ಣು ತಿನ್ನುವಷ್ಟು ಹೊತ್ತು, ಒಂದು ದೀಪ, ಒಂದು ಹತ್ತಿಯ ಉಂಡೆ. ಅವಳ ಇಡೀ ಆಯಸ್ಸಿನಲ್ಲಿ ಯಾರಾದರೂ ಒಂದು ಸಲ ಅಷ್ಟು ಮಾಡಿದ್ದರೆ ಸಾಕಿತ್ತು. ಇದನ್ನು ಚಿಕ್ಕವಳಿಗೆ ಹೇಳುವಂತಿರಲಿಲ್ಲ, ಮಗಳಿಗೂ ಹೇಳುವಂತಿರಲಿಲ್ಲ. ಹೇಳಿದರೆ ಅವರು ಅಳುತ್ತಾರೆ, ಆಮೇಲೆ ಅವರನ್ನು ಇವಳೇ ಸಮಾಧಾನ ಮಾಡಬೇಕು. ಮುಖ ಒರೆಸಿಕೊಂಡು ಹೊರಬಂದಳು.

ಬಸ್ಸಿನಲ್ಲಿ ಕೂತ ಕೂಡಲೇ ಮಗಳಿಗೆ ಫೋನು ಹಚ್ಚಿದಳು.

"ನೋಡು, ನಿನ್ನ ಚಿಕ್ಕಮ್ಮ ಪರೀಕ್ಷೆ ಮಾಡಿಸ್ಕೊಂಡಳು. ನೀನೂ ಹೋಗು. ಗರ್ಭಕೋಶದ ಬಾಯಿ ನೋಡ್ತಾರೆ, ನೋವಾಗಲ್ಲ."

"ಅಮ್ಮ, ಬಸ್ಸಲ್ಲಿದ್ದೀಯಾ? ಮೆಲ್ಲಗೆ ಮಾತಾಡು. ಎಲ್ಲಾ ಕೇಳಿಸ್ಕೊಳ್ತಾರೆ."

"ಕೇಳಿಸ್ಕೊಳ್ಳಲಿ. ಗರ್ಭಕೋಶದ ಬಾಯಿ. ಬೇರೆ ಏನಾದ್ರೂ ಹೇಳಿದ್ರೆ ಭೇದಿ ಮಾತ್ರೆ ಕೊಡ್ತಾರೆ."

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಚಿಕ್ಕವಳು ಕಿಟಕಿಯ ಕಡೆ ಮುಖ ಮಾಡಿ ನಗು ತಡೆದುಕೊಂಡಳು. ಮಗಳು ಆಯ್ತಮ್ಮ ಎಂದಳು. ಮುಂದಿನ ವಾರ ಹೋಗಿ ಬಂದಳು ಕೂಡ. ಅವಳಿಗೆ ಏನೂ ಇರಲಿಲ್ಲ.

ಕಾಜಕ್ಕನಿಗೆ ಮಾತ್ರ ಅದು ತಿರುಗಿ ಬಂತು. ಮುಂದಿನ ವರ್ಷ ಶಾಲೆಗಳು ತೆರೆಯುವ ಹೊತ್ತಿಗೆ ಬೆನ್ನು ಹಿಡಿದುಕೊಂಡಿತು. ಮೂಳೆಗೆ ಇಳಿದಿದೆ ಎಂದು ಡಾಕ್ಟರು ಹೇಳಿದಳು. ಇನ್ನು ಕರೆಂಟ್ ಇಲ್ಲ, ನೋವಿಗೆ ಔಷಧಿ ಮಾತ್ರ. ಎಷ್ಟು ದಿನ ಎಂದು ಕಾಜಕ್ಕ ಕೇಳಲಿಲ್ಲ. ಚಿಕ್ಕವಳು ಕೇಳಿ ತಿಳಿದುಕೊಂಡಿದ್ದಳು. ಅದು ಅವಳ ಮುಖದಲ್ಲೇ ಕಾಣುತ್ತಿತ್ತು.

ಮೈದುನ ಒಂದು ಭಾನುವಾರ ಸುತ್ತಿಗೆ ತಂದು ನಡುವಿನ ಹಲಗೆಗಳನ್ನು ಕಿತ್ತ. ಇಬ್ಬರ ಹಾಸಿಗೆಗಳೂ ಒಂದೇ ಕೋಣೆಯಲ್ಲಾದವು. ಚಿಕ್ಕವಳು ಹಗಲೆಲ್ಲ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದಳು, ಇಷ್ಟು ವರ್ಷಗಳ ಬಾಕಿ ತೀರಿಸುವವಳ ಹಾಗೆ. ಬೀದಿಯಲ್ಲಿ ಯಾರ ಮದುವೆ ಮುರಿಯಿತು, ಯಾರ ಮನೆಯಲ್ಲಿ ಅವಳಿ ಹುಟ್ಟಿತು, ಯಾರು ಯಾರಿಗೆ ಏನೆಂದರು. ಕಾಜಕ್ಕ ಕೇಳುತ್ತಿದ್ದಳು. ಕೆಲವಕ್ಕೆ ನಗುತ್ತಿದ್ದಳು. ಎಷ್ಟೋ ಸಲ ಮಾತು ನಡೆಯುತ್ತಿದ್ದಂತೆ ಅವಳ ಕಿವಿ ದೂರ ಹೋಗುತ್ತಿತ್ತು. ತಾನೊಂದು ದಡದಲ್ಲಿ, ಮಾತಾಡುವವಳು ಇನ್ನೊಂದು ದಡದಲ್ಲಿ ಇದ್ದಂತೆ ತುಟಿಗಳು ಮಾತ್ರ ಕಾಣುತ್ತಿದ್ದವು.

ಒಂದು ಮಧ್ಯಾಹ್ನ ಚಿಕ್ಕವಳು ಅವಳ ಮೈ ಒರೆಸಿ, ಬಟ್ಟೆ ಬದಲಿಸಿ, ಔಷಧಿ ಕುಡಿಸಿ ಮತ್ತೆ ಪಕ್ಕದಲ್ಲೇ ಕೂತಳು.

"ಸ್ವಲ್ಪ ಹೊರಗೆ ಹೋಗಿ ಬಾ," ಎಂದಳು ಕಾಜಕ್ಕ.

"ಯಾಕೆ, ಏನಾದ್ರೂ ಬೇಕಾ?"

"ಏನೂ ಬೇಡ. ನಾನೊಂದಿಷ್ಟು ಹೊತ್ತು ಒಬ್ಬಳೇ ಇರ್ತೀನಿ."

ಚಿಕ್ಕವಳಿಗೆ ಬೇಸರವಾಯಿತೇನೋ. ಆದರೂ ಎದ್ದಳು. ಹೊದಿಕೆಯನ್ನು ಕಾಲ ತುದಿಯ ತನಕ ಎಳೆದು, ಬಾಗಿಲನ್ನು ಅರ್ಧ ಮುಂದೆ ಮಾಡಿ ಹೋದಳು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಾ ಬಂದ. ಚಿಕ್ಕವಳು ಅವನನ್ನು ನಿಲ್ಲಿಸಿದ್ದು, ಸೊಪ್ಪು ಬಾಡಿದೆ ಎಂದು ಜಗಳ ತೆಗೆದದ್ದು, ಅವನು ತಿರುಗಿ ಏನೋ ಅಂದದ್ದು, ಇಬ್ಬರೂ ನಕ್ಕದ್ದು ಎಲ್ಲ ಒಳಗೆ ಕೇಳುತ್ತಿತ್ತು. ಔಷಧಿ ಮೆಲ್ಲಗೆ ಹತ್ತತೊಡಗಿತ್ತು. ಬೆನ್ನಿನ ನೋವು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತಿತ್ತು. ಕಾಜಕ್ಕ ಗೋಡೆಯ ಕಡೆಗೆ ಹೊರಳಿ ಕಣ್ಣು ಮುಚ್ಚಿದಳು.